ಚಿಕ್ಕಪ್ಪನ ಹಳೇ ರಿಕರ್ವ್ ಬಿಲ್ಲು: ಯಾವ ಬಾಣ ತಗೊಳ್ಳಲಿ, ಹೇಗೆ ಸಜ್ಜು ಮಾಡಲಿ?

ಮುಳಬಾಗಿಲು_ಮಂಜ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಕಾಲೇಜಿನಲ್ಲಿದ್ದಾಗ ಬಿಲ್ಲುಗಾರಿಕೆ ಕಲಿತಿದ್ದರು. ಅವರ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವಂಥದ್ದು) ಇಷ್ಟು ವರ್ಷ ಅಟ್ಟದ ಮೇಲಿತ್ತು. ಈಗ ನನಗೆ ಕೊಟ್ಟಿದ್ದಾರೆ. ಮರದ ರೈಸರ್ (ನಡುವಿನ ಹಿಡಿ ಭಾಗ), ಎರಡೂ ಲಿಂಬ್ (ಬಾಗುವ ತೋಳು) ಬಿಚ್ಚಲು ಬರುತ್ತದೆ. ಕೆಳಗಿನ ಲಿಂಬ್ ಮೇಲೆ 66 ಇಂಚು, 34#, 28 ಇಂಚು ಅಂತ ಬರೆದಿದೆ. ಹೆದೆ ಎಳೆ ಎಳೆ ಬಿಟ್ಟಿದೆ, ಕೆಲಸಕ್ಕೆ ಬರಲ್ಲ. ಬಾಣ ಒಂದೂ ಉಳಿದಿಲ್ಲ. ಬಾಣ ಇಡುವ ಜಾಗದಲ್ಲಿ ಸವೆದ ತೊಗಲಿನ ತುಂಡು ಮಾತ್ರ ಇದೆ.

ಊರ ಹೊರಗಿನ ನಮ್ಮ ಮಾವಿನ ತೋಟದಲ್ಲಿ 18 ಮೀಟರ್ ದೂರಕ್ಕೆ ಗುರಿ ಇಟ್ಟು ಅಭ್ಯಾಸ ಮಾಡಬೇಕು ಅಂತ ಆಸೆ. ಸ್ಪರ್ಧೆ ಗಿರ್ಧೆ ಏನಿಲ್ಲ. ನನ್ನ ಎತ್ತರ 170 ಸೆಂ.ಮೀ., ಬಲಗೈ. ಆನ್‌ಲೈನ್‌ನಲ್ಲಿ ನೋಡಿದರೆ ಬಾಣಕ್ಕೆ 500, 700, 1816 ಅಂತೆಲ್ಲ ನಂಬರ್ ಇದೆ. ಯಾವುದು ತಗೊಳ್ಳಲಿ? ಹೆದೆ ಯಾವುದು?

ಕೆಜಿಎಫ್_ಕಿರಣ
ಗುರು, ಸುಮ್ನೆ ಕಾರ್ಬನ್ 500 ಒಂದು ಡಜನ್ ತಗೋ. ಎಲ್ಲಾ ಬಿಲ್ಲಿಗೂ ಆಗುತ್ತೆ ಅಂತ ಅಂಗಡಿಯವನೇ ಬರೆದಿರ್ತಾನೆ. ನನ್ನ ಹತ್ರ ಅದೇ ಇದೆ.

ಶಿರಾ_ಬಿಲ್ಲುಗಾರ
ಕಿರಣ್, ಬೇಡ. ಎಲ್ಲಾ ಬಿಲ್ಲಿಗೂ ಆಗುವ ಬಾಣ ಅಂತ ಒಂದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಜ, ಬಾಣದ ವಿಷಯ ಒಂದು ವಾರ ಪಕ್ಕಕ್ಕಿಡಿ. ಮೊದಲು ಬಿಲ್ಲು ಬದುಕಿದೆಯಾ ನೋಡಬೇಕು. ಅಟ್ಟದ ಮೇಲೆ ಇತ್ತು ಅಂದಿರಿ. ಹೆಂಚಿನ ಮನೆಯೋ ಶೀಟ್ ಮನೆಯೋ? ಲಿಂಬ್ ಅಂದರೆ ಮರದ ಪಟ್ಟಿಯ ಹಿಂದೆ ಮುಂದೆ ಫೈಬರ್‌ಗ್ಲಾಸ್ ಅಂಟಿಸಿರುವುದು. ಕೋಲಾರದ ಏಪ್ರಿಲ್ ಬಿಸಿಲಿಗೆ ಶೀಟ್ ಕೆಳಗೆ ಆ ಅಂಟು ಬಿಟ್ಟುಕೊಳ್ಳಬಹುದು. ಹತ್ತಿಯ ಉಂಡೆ ತಗೊಂಡು ಲಿಂಬ್‌ನ ಅಂಚು, ಮುಂದೆ, ಹಿಂದೆ ಎಲ್ಲಾ ಕಡೆ ನಿಧಾನಕ್ಕೆ ಸವರಿ. ಹತ್ತಿ ಸಿಕ್ಕಿಕೊಂಡ ಕಡೆ ನಾರು ಎದ್ದಿದೆ ಅಂತ. ಉದ್ದುದ್ದ ಕೂದಲಿನಂಥ ಗೆರೆ ಇದ್ದರೆ ಹೆಚ್ಚಿನ ಸಲ ಗಾಬರಿ ಬೇಡ, ಹಳೇ ಫೈಬರ್‌ಗ್ಲಾಸ್‌ನಲ್ಲಿ ಅದು ಸಾಮಾನ್ಯ. ಅಡ್ಡ ಗೆರೆ ಇದ್ದರೆ ಬಿಲ್ಲನ್ನು ಎಳೆಯಲೇಬೇಡಿ. ಮರ ಮತ್ತು ಗ್ಲಾಸ್ ನಡುವೆ ಉಗುರು ಹೋಗುವ ಸಂದು ಕಂಡರೂ ಅಷ್ಟೇ, ಗೋಡೆಗೆ ನೇತು ಹಾಕಿ.

ಬೋಲ್ಟ್ ಕೂರುವ ಜಾಗದಲ್ಲಿ ಮರ ಸೀಳಿದೆಯಾ ನೋಡಿ. ಲಿಂಬ್ ತುದಿಯಲ್ಲಿ ಹೆದೆಯ ಕುಣಿಕೆ ಕೂರುವ ಕಚ್ಚನ್ನೂ ನೋಡಿ. ಫೋಟೋ ಹಾಕಿ.

ರಾಗಿಹೊಲ
ಹೆದೆ ಇಲ್ಲದೆ ಖಾಲಿ ಬಿಲ್ಲನ್ನ ಉಲ್ಟಾ ಬಗ್ಗಿಸಿ ನೋಡೋರಿದ್ದಾರೆ. ಹಾಗೆ ಮಾಡಬೇಡಿ ಅಣ್ಣ.

ಮುಳಬಾಗಿಲು_ಮಂಜ
ಹೆಂಚಿನ ಮನೆ ಸರ್. ಹತ್ತಿ ಸವರಿದೆ, ಎಲ್ಲೂ ಸಿಕ್ಕಲಿಲ್ಲ. ಉದ್ದ ಗೆರೆ ಎರಡು ಮೂರು ಇದೆ, ಅಡ್ಡ ಒಂದೂ ಇಲ್ಲ. ಫೋಟೋ ಹಾಕಿದ್ದೇನೆ. ಈ 34# ಅಂದರೆ ಏನು ಅಂತಲೂ ಹೇಳಿ.

ಮಧುಗಿರಿ_ಬೆಟ್ಟ
# ಅಂದರೆ ಪೌಂಡ್. 28 ಇಂಚು ಎಳೆದಾಗ 34 ಪೌಂಡ್ ಬಲ ಬೇಕು ಅಂತ. ನೀವು 28 ಎಳೆಯುತ್ತೀರಾ ಅನ್ನುವುದು ಬೇರೆ ಪ್ರಶ್ನೆ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. ಆ ಅಳತೆ ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಇರುತ್ತದೆ. 170 ಸೆಂ.ಮೀ. ಅಂದರೆ 67 ಇಂಚು, ಭಾಗಿಸಿದರೆ 27ರ ಹತ್ತಿರ. ಒಂದು ಇಂಚು ಕಡಿಮೆ ಎಳೆದರೆ ಸುಮಾರು 2 ಪೌಂಡ್ ಇಳಿಯುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿ ಅದು 32 ಪೌಂಡ್ ಬಿಲ್ಲು.

ಶಿರಾ_ಬಿಲ್ಲುಗಾರ
ಬೆಟ್ಟ ಅವರು ಹೇಳಿದ್ದು ಸರಿ. ಆದರೆ ಹಳೇ ಬಿಲ್ಲು ಬರೆದಷ್ಟೇ ತೂಗುತ್ತದೆ ಅಂತ ಭರವಸೆ ಇಲ್ಲ, ಅಳೆದೇ ನೋಡಬೇಕು. ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಾಕು. ಹೊಸ ಹೆದೆ ಹಾಕಿದ ಮೇಲೆ ಕೊಕ್ಕೆಯಿಂದ ಎಳೆದು, ನಿಮ್ಮ 27 ಇಂಚಿಗೆ ಬಂದಾಗ ಎಷ್ಟು ಕೆ.ಜಿ. ತೋರಿಸುತ್ತದೆ ನೋಡಿ. 2.2ರಿಂದ ಗುಣಿಸಿ. ಆ ಸಂಖ್ಯೆ ಕೈಗೆ ಬಂದ ಮೇಲೆ ಬಾಣ ಆರಿಸೋದು.

ಫೋಟೋ ನೋಡಿದೆ. ಮೇಲಿನ ಲಿಂಬ್ ತುದಿ ಸ್ವಲ್ಪ ಬಲಕ್ಕೆ ತಿರುಚಿದ ಹಾಗಿದೆ. ಹೆದೆ ಏರಿಸಿದ ಮೇಲೆ ಮತ್ತೆ ನೋಡೋಣ. ಸ್ವಲ್ಪ ತಿರುಚಿದ್ದರೆ ಹೆದೆ ಏರಿಸಿದ ಸ್ಥಿತಿಯಲ್ಲೇ ಕೈಯಿಂದ ವಿರುದ್ಧ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಹಿಡಿದರೆ, ದಿನಾ ಹಾಗೆ ಮಾಡಿದರೆ, ಸರಿಹೋಗುತ್ತದೆ. ಬೆಂಕಿ, ಹೀಟ್ ಗನ್ ಹತ್ತಿರವೂ ತರಬೇಡಿ.

ಕೆಜಿಎಫ್_ಕಿರಣ
ಹೆದೆಗೆ ಫಾಸ್ಟ್‌ಫ್ಲೈಟ್ ದಾರ ಹಾಕ್ಸು ಮಂಜ. ಬಾಣ ಸ್ಪೀಡಾಗಿ ಹೋಗುತ್ತೆ.

ಶಿರಾ_ಬಿಲ್ಲುಗಾರ
ದಯವಿಟ್ಟು ಹಾಕಬೇಡಿ. ಫಾಸ್ಟ್‌ಫ್ಲೈಟ್ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಬಾಣ ಬಿಟ್ಟಾಗ ಉಳಿದ ಬಲವೆಲ್ಲ ಲಿಂಬ್ ತುದಿಗೆ ಹೊಡೆಯುತ್ತದೆ. ಈಗಿನ ಬಿಲ್ಲುಗಳಿಗೆ ತುದಿಯಲ್ಲಿ ಬಲ ಕೊಟ್ಟಿರುತ್ತಾರೆ. ಹಳೆಯದಕ್ಕೆ ಇಲ್ಲ. ಹೆದೆ ತುದಿಯನ್ನು ಕೊರೆದು ಇಳಿದುಬಿಡುತ್ತದೆ, ಇಲ್ಲವೇ ತುದಿಯೇ ಒಡೆಯುತ್ತದೆ. ಮಂಜನ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡೇಕ್ರಾನ್ ದಾರ, 12 ಎಳೆ. 66 ಇಂಚಿನ ಬಿಲ್ಲಿಗೆ ಹೆದೆಯ ನಿಜ ಉದ್ದ 62ರಿಂದ 63 ಇಂಚು ಇರಬೇಕು.

ಹೆದೆ ಏರಿಸಲು ಸ್ಟ್ರಿಂಗರ್ ಹಗ್ಗ ಬಳಸಿ. ಕಾಲ ನಡುವೆ ಬಿಲ್ಲು ಸಿಕ್ಕಿಸಿ ತೊಡೆಯಿಂದ ಬಗ್ಗಿಸುವುದು ನೋಡಲು ಚೆನ್ನ. ಲಿಂಬ್ ತಿರುಚುವುದು ಅದರಿಂದಲೇ.

ಕೆಜಿಎಫ್_ಕಿರಣ
ಸರಿ ಅಣ್ಣ, ಅದು ನನಗೆ ಗೊತ್ತಿರಲಿಲ್ಲ. ಆದ್ರೆ ಕಾರ್ಬನ್ 500 ಯಾಕೆ ಬೇಡ ಹೇಳಿ. ಗಟ್ಟಿ ಬಾಣ ಒಳ್ಳೇದೇ ಅಲ್ವಾ?

ಶಿರಾ_ಬಿಲ್ಲುಗಾರ
ಇಲ್ಲಿಯೇ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆರಳಿಂದ ಹೆದೆ ಬಿಟ್ಟಾಗ ಹೆದೆ ನೇರ ಮುಂದೆ ಹೋಗಲ್ಲ, ಬೆರಳನ್ನು ಸುತ್ತಿ ಪಕ್ಕಕ್ಕೆ ಜಾರಿ ಹೋಗುತ್ತದೆ. ಬಾಣದ ಹಿಂಭಾಗಕ್ಕೆ ಆ ತಳ್ಳು ಸಿಗುತ್ತದೆ. ಮುಂಭಾಗ ರೈಸರ್‌ಗೆ ಒತ್ತುತ್ತದೆ. ನಡುವೆ ಬಾಣ ಬಾಗುತ್ತದೆ. ಮೀನಿನ ಹಾಗೆ ಆ ಕಡೆ ಈ ಕಡೆ ಬಳುಕುತ್ತಾ ರೈಸರ್ ದಾಟಿ ಹೋಗುತ್ತದೆ. ಆ ಬಳುಕು ಸರಿಯಾದ ಹೊತ್ತಿಗೆ ಆದರೆ ಬಾಣದ ಹಿಂಭಾಗ ರೈಸರ್‌ಗೆ ತಾಗದೆ ಹೋಗುತ್ತದೆ. ಬಾಣ ತೀರಾ ಗಟ್ಟಿ ಇದ್ದರೆ ಬಳುಕುವುದೇ ಇಲ್ಲ, ರೈಸರ್‌ಗೆ ಬಡಿದು ಎಡಕ್ಕೆ ಹೋಗುತ್ತದೆ. ತೀರಾ ಮೆದು ಇದ್ದರೆ ಬಲಕ್ಕೆ. ಬಲಗೈಯವರ ಲೆಕ್ಕ ಇದು.

ಆ ಬಿಗಿಯ ಅಳತೆಯೇ ಸ್ಪೈನ್. ಬಾಣವನ್ನು 28 ಇಂಚು ಅಂತರದ ಎರಡು ಆಸರೆ ಮೇಲಿಟ್ಟು ಮಧ್ಯಕ್ಕೆ 880 ಗ್ರಾಂ ತೂಕ ನೇತು ಹಾಕುತ್ತಾರೆ. ಅರ್ಧ ಇಂಚು ಬಗ್ಗಿದರೆ 500. 0.8 ಇಂಚು ಬಗ್ಗಿದರೆ 800. ನಂಬರ್ ದೊಡ್ಡದಾದಷ್ಟೂ ಬಾಣ ಮೆದು. 32 ಪೌಂಡ್ ಬಿಲ್ಲಿಗೆ 500 ಅಂದರೆ ವಿಪರೀತ ಗಟ್ಟಿ. ಅದರಲ್ಲೂ ಹಳೇ ಮರದ ರೈಸರ್‌ನಲ್ಲಿ ಬಾಣ ಇಡುವ ಕಿಟಕಿಯನ್ನು ನಡುಗೆರೆ ದಾಟಿ ಕೊರೆದಿರುವುದಿಲ್ಲ. ಬಾಣ ಸುತ್ತಿಕೊಂಡು ಹೋಗಬೇಕಾದ ದೂರ ಜಾಸ್ತಿ, ಹಾಗಾಗಿ ಇನ್ನೂ ಸ್ವಲ್ಪ ಮೆದು ಬಾಣವೇ ಬೇಕು. ಕಾರ್ಬನ್ ತಗೊಂಡರೆ 800ರ ಆಸುಪಾಸು.

ಇನ್ನೊಂದು ಮಾತು. ಅದೇ 800 ಬಾಣವನ್ನು ಉದ್ದ ಬಿಟ್ಟರೆ ಮೆದುವಾಗಿ ವರ್ತಿಸುತ್ತದೆ, ಕತ್ತರಿಸಿದರೆ ಗಟ್ಟಿಯಾಗುತ್ತದೆ. ಮೊನೆ ಭಾರವಾದರೆ ಮೆದು, ಹಗುರಾದರೆ ಗಟ್ಟಿ. ಅದಕ್ಕೇ ಮೊದಲಿಗೆ ಉದ್ದ ಜಾಸ್ತಿ ಇರುವ ಬಾಣ ತಗೊಳ್ಳಿ. ನಿಮ್ಮ ಎಳೆತ 27 ಆದರೆ ಬಾಣ 29 ಇರಲಿ. ಚಿಕ್ಕ ಬಾಣ ಎಳೆದಾಗ ಒಳಗೆ ಬಂದು ಕೈಗೆ ಚುಚ್ಚಿದ ಉದಾಹರಣೆಗಳಿವೆ.

ತಿಪಟೂರು_ತೆಂಗು
ಹಳೇ ಬಿಲ್ಲಿಗೆ ಕಾರ್ಬನ್ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ತಗೊಳ್ಳಿ. ತೂಕ ಇರುತ್ತದೆ, ಬಿಲ್ಲಿಗೆ ಒಳ್ಳೇದು. ತೀರಾ ಹಗುರ ಬಾಣ ಬಿಡುವುದೂ, ಬಾಣ ಇಲ್ಲದೆ ಹೆದೆ ಬಿಡುವುದೂ ಹೆಚ್ಚುಕಡಿಮೆ ಒಂದೇ. ಬಲವೆಲ್ಲ ಲಿಂಬ್‌ಗೇ ವಾಪಸ್. ಹಳೇ ಬಿಲ್ಲಿಗೆ ಪ್ರತಿ ಪೌಂಡ್‌ಗೆ 8ರಿಂದ 10 ಗ್ರೇನ್ ಬಾಣದ ತೂಕ ಇರಲಿ. 32 ಪೌಂಡ್‌ಗೆ 260ರಿಂದ 320 ಗ್ರೇನ್. ಗ್ರಾಂ ಲೆಕ್ಕದಲ್ಲಿ ಸುಮಾರು 17ರಿಂದ 21. ಜಾಸ್ತಿ ಆದರೆ ತೊಂದರೆ ಇಲ್ಲ. ಅಕ್ಕಸಾಲಿಗರ ಹತ್ತಿರ ತೂಗಿಸಿದರೆ ನಿಖರವಾಗಿ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ನಂಬರ್ ಬೇರೆ ರೀತಿ. 1816 ಅಂದರೆ ಮೊದಲಿನ 18 ದಪ್ಪ, ಇಂಚಿನ 64ನೇ ಒಂದು ಪಾಲಿನ ಲೆಕ್ಕದಲ್ಲಿ. ಕೊನೆಯ 16 ಕೊಳವೆಯ ಗೋಡೆ, ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ. 1716ರ ಸ್ಪೈನ್ ಸುಮಾರು 880, 1816ರದ್ದು ಸುಮಾರು 756. ಮಂಜನಿಗೆ ಇವೆರಡರಲ್ಲಿ ಒಂದು.

ಮಧುಗಿರಿ_ಬೆಟ್ಟ
ಕಾರ್ಬನ್ ಬೇಡವೇ ಬೇಡ ಅನ್ನಲು ಕಾರಣ ಇಲ್ಲ. ಭಾರದ ಮೊನೆ ಹಾಕಿದರೆ ಕಾರ್ಬನ್ ಕೂಡ 290 ಗ್ರೇನ್ ಬರುತ್ತದೆ. ಅಲ್ಯೂಮಿನಿಯಂ ಒಂದು ಕಲ್ಲಿಗೆ ತಾಗಿದರೆ ಬಗ್ಗಿತು. ಮುಳಬಾಗಿಲು ಕಡೆ ಬಂಡೆ ಬಿಟ್ಟರೆ ಏನಿದೆ ಹೇಳಿ.

ತಿಪಟೂರು_ತೆಂಗು
ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ ಸ್ವಾಮಿ. ಕಾರ್ಬನ್ ಒಳಗೆ ಸೀಳಿದ್ದು ಕಾಣಲ್ಲ. ಮುಂದಿನ ಸಲ ಬಿಟ್ಟಾಗ ಚೂರಾಗಿ ಬಿಲ್ಲು ಹಿಡಿದ ಕೈಯೊಳಗೆ ನುಗ್ಗುತ್ತದೆ. ಹೊಸಬರಿಗೆ ಇದು ದೊಡ್ಡ ವಿಷಯ.

ಮಧುಗಿರಿ_ಬೆಟ್ಟ
ಅದು ಒಪ್ಪುತ್ತೇನೆ. ಕಾರ್ಬನ್ ಬಳಸುವವರು ಪ್ರತಿ ಸಲ ಗುರಿಯಿಂದ ಕಿತ್ತ ಮೇಲೆ ಎರಡು ತುದಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಚಿ, ಕಿವಿಗೊಟ್ಟು ಕೇಳಬೇಕು. ಚಟಚಟ ಅಂದರೆ ಮುರಿದು ಬಿಸಾಡಬೇಕು.

ಚಿಂತಾಮಣಿ_ಟೊಮೆಟೊ
ನಮ್ಮ ಹೊಲಕ್ಕೆ ಕಾಡುಹಂದಿ ಕಾಟ. 34 ಪೌಂಡ್ ಬಿಲ್ಲಿನಲ್ಲಿ ಹಂದಿ ಹೊಡೀಬಹುದಾ?

ಶಿರಾ_ಬಿಲ್ಲುಗಾರ
ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಬೇಟೆ ಅಪರಾಧ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಇದು ಆಟದ ಬಿಲ್ಲು, ಪ್ರಾಣಿಯನ್ನು ಗಾಯ ಮಾಡಿ ನರಳಿಸುತ್ತದೆ ಅಷ್ಟೇ. ಈ ಮಾತು ಇಲ್ಲಿಗೆ ಬಿಡೋಣ.

ರಾಗಿಹೊಲ
ಬಿದಿರಿನ ಬಾಣ ಯಾರೂ ಹೇಳಲಿಲ್ಲ! ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆ ನಡೆಯುವುದೇ ಬಿದಿರಿನ ಬಿಲ್ಲಿನಲ್ಲಿ. 30 ಮೀಟರ್, 50 ಮೀಟರ್ ದೂರಕ್ಕೆ ಹೊಡೀತಾರೆ. ಹಳೇ ಮರದ ಬಿಲ್ಲಿಗೆ ಬಿದಿರು ಚೆನ್ನಾಗಿ ಒಗ್ಗುತ್ತದೆ. ದುಡ್ಡೂ ಉಳೀತದೆ.

ಮಧುಗಿರಿ_ಬೆಟ್ಟ
ಒಗ್ಗುತ್ತದೆ ನಿಜ. ಹನ್ನೆರಡು ಬಾಣವೂ ಒಂದೇ ಬಿಗಿ ಇರುವಂತೆ ಆರಿಸೋದು ಸುಲಭ ಅಲ್ಲ. ಮನೆಯಲ್ಲೇ ಅಳೆಯಬಹುದು. ಮರದ ಬಾಣಕ್ಕೆ ಅಳತೆ ಬೇರೆ: 26 ಇಂಚು ಅಂತರ, 2 ಪೌಂಡ್ ಅಂದರೆ 907 ಗ್ರಾಂ ತೂಕ. ಎಷ್ಟು ಇಂಚು ಬಗ್ಗಿತೋ ಅದರಿಂದ 26ನ್ನು ಭಾಗಿಸಿದರೆ ಪೌಂಡ್ ಲೆಕ್ಕದಲ್ಲಿ ಸ್ಪೈನ್. ಮುಕ್ಕಾಲು ಇಂಚು ಬಗ್ಗಿದರೆ ಸುಮಾರು 35 ಪೌಂಡ್. ಮಂಜನ ಬಿಲ್ಲಿಗೆ 30ರಿಂದ 35 ನಡುವಿನವು ಬೇಕು. ಐವತ್ತು ಕಡ್ಡಿ ತಂದರೆ ಹತ್ತು ಹನ್ನೆರಡು ಜೊತೆಯಾಗಿ ಸಿಗಬಹುದು. ಮೊದಲ ಬಾಣಕ್ಕೆ ಇಷ್ಟೆಲ್ಲ ಬೇಡ ಅನ್ನಿಸುತ್ತದೆ.

ಕೆಜಿಎಫ್_ಕಿರಣ
ಗರಿಗೆ ನವಿಲುಗರಿ ಹಾಕಿದ್ರೆ? ನಮ್ಮ ಕಡೆ ಎಲ್ಲೆಲ್ಲೂ ನವಿಲು.

ತಿಪಟೂರು_ತೆಂಗು
ನವಿಲು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದರ ತಂಟೆ ಬೇಡ. ಟರ್ಕಿ ಕೋಳಿಯ ಗರಿ ಕತ್ತರಿಸಿ ಸಿದ್ಧ ಮಾಡಿದ್ದು ಸಿಗುತ್ತದೆ. ಮಂಜ, ನಿಮ್ಮ ಬಿಲ್ಲಿನಲ್ಲಿ ಬಾಣ ಇಡುವ ಜಾಗದಲ್ಲಿ ತೊಗಲು ಮಾತ್ರ ಅಂದಿರಿ, ಅಂದರೆ ಬಾಣ ನೇರ ರೈಸರ್ ಮೆಟ್ಟಿಲ ಮೇಲೆ ಕೂರುತ್ತದೆ. ಹಾಗಿದ್ದರೆ ನಿಜವಾದ ಗರಿಯೇ ಬೇಕು, ಪ್ಲಾಸ್ಟಿಕ್ ಬೇಡ. ಗರಿ ತಾಗಿದರೆ ಮಡಚಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ತಾಗಿದರೆ ಬಾಣವನ್ನೇ ಒದೆಯುತ್ತದೆ. ಮಳೆಯಲ್ಲಿ ಗರಿ ನೆನೆಯುತ್ತದೆ, ಅಷ್ಟೇ ಅದರ ದೋಷ.

ರಾಗಿಹೊಲ
ಮುಳಬಾಗಿಲು ಅಂದ್ರೆ ಆವಣಿ ಪಕ್ಕ. ಲವ ಕುಶ ಬಾಣ ಬಿಟ್ಟ ಜಾಗ ಅಂತಾರೆ. ಅಂಥ ಕಡೆ ಕಲಿಯೋದು ಪುಣ್ಯ ಮಂಜಣ್ಣ.

ಶಿರಾ_ಬಿಲ್ಲುಗಾರ
ನಮ್ಮ ತುಮಕೂರನ್ನು ಬಿಟ್ಟುಬಿಟ್ಟಿರಾ? ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆ ಇದೆಯಲ್ಲ. ರಾಮ ಬಂಡೆಗೆ ಬಾಣ ಬಿಟ್ಟು ನೀರು ಬರಿಸಿದ ಅನ್ನುವುದು ಅಲ್ಲಿಯ ಕಥೆ.

ರಾಗಿಹೊಲ
ಅಪ್ಪ ಮಕ್ಕಳು ಇಬ್ಬರಿಗೂ ಒಂದೊಂದು ಜಿಲ್ಲೆ ಆಯ್ತು ಬಿಡಿ :)

ಗೌರಿಬಿದನೂರು_ಶೋಭಾ
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೆ 12 ವರ್ಷ. ಪ್ಯಾರಿಸ್ 2024ರ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ರಿಕರ್ವ್‌ನಲ್ಲಿ ಚಿನ್ನ ಗೆದ್ದದ್ದು ನೋಡಿ ಬಿಲ್ಲು ಬೇಕು ಅಂತ ಹಠ ಹಿಡಿದಿದ್ದಾಳೆ. ನಮ್ಮ ನೆಂಟರ ಮನೆಯಲ್ಲಿ 36 ಪೌಂಡ್ ಹಳೇ ಬಿಲ್ಲು ಇದೆ. ಅದರಲ್ಲೇ ಶುರು ಮಾಡಿಸಬಹುದಾ?

ಶಿರಾ_ಬಿಲ್ಲುಗಾರ
ಬೇಡ ಮೇಡಂ. ಆ ವಯಸ್ಸಿಗೆ 14ರಿಂದ 18 ಪೌಂಡ್ ಸಾಕು. ಜಾಸ್ತಿ ಭಾರದ ಬಿಲ್ಲು ಎಳೆದರೆ ಭುಜ ಎತ್ತಿ, ಬೆನ್ನು ತಿರುಚಿ ಎಳೆಯುವುದನ್ನೇ ಕಲಿಯುತ್ತಾಳೆ. ಆ ಅಭ್ಯಾಸ ಬಿಡಿಸಲು ವರ್ಷಗಳು ಬೇಕು. ಭುಜದ ನೋವು ಬೇರೆ. ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಯಲ್ಲಿ ಹತ್ತಿರ ಎಲ್ಲಿ ತರಬೇತಿ ಇದೆ ಅಂತ ಒಮ್ಮೆ ವಿಚಾರಿಸಿ. ಮೊದಲ ಆರು ತಿಂಗಳು ಕಲಿಸುವವರ ಕಣ್ಣೆದುರು ಕಲಿಯಲಿ. ಹುಡುಗಿಗೆ ಆಸೆ ಇದೆ ಅನ್ನುವುದೇ ದೊಡ್ಡದು, ಅದನ್ನು ಕೆಡಿಸಬೇಡಿ.

ಗೌರಿಬಿದನೂರು_ಶೋಭಾ
ಧನ್ಯವಾದ ಸರ್. ನಾಳೆಯೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಕೇಳುತ್ತೇನೆ.

ಮುಳಬಾಗಿಲು_ಮಂಜ
ಡೇಕ್ರಾನ್ ಹೆದೆ ಬಂತು. ಸ್ಟ್ರಿಂಗರ್‌ನಿಂದ ಏರಿಸಿದೆ, ಸಲೀಸಾಗಿ ಬಂತು. 27 ಇಂಚಿಗೆ ತಕ್ಕಡಿ 14.5 ಕೆ.ಜಿ. ತೋರಿಸಿತು, ಅಂದರೆ 32 ಪೌಂಡ್. ಬೆಟ್ಟ ಅವರ ಲೆಕ್ಕ ಸರಿಯಾಗಿದೆ. ಲಿಂಬ್ ತಿರುಚು ಹೆದೆ ಏರಿಸಿದ ಮೇಲೆ ಕಾಣುತ್ತಿಲ್ಲ, ಹೆದೆ ಎರಡೂ ಲಿಂಬ್ ನಡುವೆ ನೇರ ಇದೆ. ಈಗ ಮುಂದೇನು?

ಶಿರಾ_ಬಿಲ್ಲುಗಾರ
ಒಳ್ಳೇ ಸುದ್ದಿ. ತಕ್ಷಣ ಬಾಣ ಬಿಡಬೇಡಿ. ಹೆದೆ ಏರಿಸಿ ಒಂದು ರಾತ್ರಿ ಹಾಗೇ ಬಿಡಿ, ಹೊಸ ಡೇಕ್ರಾನ್ ಹಿಗ್ಗಿ ಕೂರುತ್ತದೆ. ಮಾರನೇ ದಿನ ಕಾಲು ಭಾಗ, ಅರ್ಧ, ಮುಕ್ಕಾಲು, ಹೀಗೆ ಎಳೆದು ನಿಧಾನಕ್ಕೆ ವಾಪಸ್ ಬಿಡಿ. ಟಿಕ್ ಅಂತ ಸದ್ದು ಬಂದರೆ ನಿಲ್ಲಿಸಿ. ಯಾವ ಕಾರಣಕ್ಕೂ ಖಾಲಿ ಹೆದೆ ಬಿಡಬೇಡಿ, ಮನೆಗೆ ಬಂದ ನೆಂಟರ ಮಕ್ಕಳ ಕೈಗೂ ಕೊಡಬೇಡಿ. ಒಂದೇ ಸಲಕ್ಕೆ ಲಿಂಬ್ ಹೋಗಬಹುದು.

ಆಮೇಲೆ ಬ್ರೇಸ್ ಹೈಟ್. ಹಿಡಿಯ ಅತಿ ಆಳದ ಜಾಗದಿಂದ ಹೆದೆಗೆ ಇರುವ ದೂರ. 66 ಇಂಚಿನ ಬಿಲ್ಲಿಗೆ 8 ಇಂಚಿನಿಂದ ಶುರು ಮಾಡಿ. ಹೆದೆಯನ್ನು ಬಿಚ್ಚಿ ಇನ್ನಷ್ಟು ಹುರಿ ಹಾಕಿದರೆ ಗಿಡ್ಡವಾಗಿ ದೂರ ಹೆಚ್ಚುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಾಣ ಬಿಡಿ. ಒಂದು ಹಂತದಲ್ಲಿ ಬಿಲ್ಲಿನ ಸದ್ದು, ಕೈಯ ನಡುಕ ಎರಡೂ ಕಡಿಮೆಯಾಗುತ್ತದೆ. ಅದೇ ನಿಮ್ಮ ಬಿಲ್ಲಿನ ಜಾಗ. ಬರೆದಿಟ್ಟುಕೊಳ್ಳಿ, ದಿನಾ ಅಳೆಯಿರಿ.

ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ಬಾಣ ಸಿಕ್ಕಿಸುವ ಗುರುತು) ಅನ್ನು ಬಾಣ ಕೂರುವ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ ಕಟ್ಟಿ. ಮೊದಲಿಗೆ ದಾರದಲ್ಲೇ ಕಟ್ಟಿ, ಹಿತ್ತಾಳೆ ಉಂಗುರ ಈಗಲೇ ಬಿಗಿಯಬೇಡಿ. ನಾಕ್ (ಬಾಣದ ಹಿಂತುದಿಯ ಸೀಳು) ಹೆದೆಗೆ ಸಿಕ್ಕಿಸಿ ಬಾಣ ತೂಗುಬಿಟ್ಟಾಗ ಬೀಳಬಾರದು, ಹೆದೆಗೆ ಬೆರಳಲ್ಲಿ ತಟ್ಟಿದರೆ ಬೀಳಬೇಕು. ಅಷ್ಟು ಬಿಗಿ ಸಾಕು.

ತಿಪಟೂರು_ತೆಂಗು
ಗುರಿಯ ಹಿಂದೆ ಏನಿದೆ ಅನ್ನುವುದನ್ನು ಮರೆಯಬೇಡಿ. ಮಾವಿನ ತೋಟ ಅಂದಿರಿ. ಬಾಣ ಸ್ವಲ್ಪ ಮೇಲಕ್ಕೆ ಹೋದರೆ ನೂರು ಮೀಟರ್ ಆಚೆ ಬೀಳುತ್ತದೆ. ಕಾಯಿ ಕೀಳುವವರು, ದನ ಮೇಯಿಸುವವರು ಇರುತ್ತಾರೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು. ಗುರಿಗೆ ಗೋಣಿಚೀಲದಲ್ಲಿ ಹಳೇ ಬಟ್ಟೆ ಒತ್ತಿ ತುಂಬಿಸಿ. ರಾಗಿ ಹುಲ್ಲು ಸಡಿಲ, ಬಾಣ ದಾಟಿ ಹೋಗುತ್ತದೆ.

ಮುಳಬಾಗಿಲು_ಮಂಜ
ಕೆರೆ ಕಟ್ಟೆಯ ಏರಿ ಇದೆ ಸರ್ ಹಿಂದೆ. ಅದಕ್ಕೆ ಎದುರಾಗಿ ನಿಲ್ಲುತ್ತೇನೆ.

ರಾಗಿಹೊಲ
ಏರಿ ಮೇಲೆ ಜನ ಓಡಾಡ್ತಾರಲ್ಲ?

ಮುಳಬಾಗಿಲು_ಮಂಜ
ನಮ್ಮ ಕಡೆಯ ತುದಿಗೆ ದಾರಿ ಇಲ್ಲ. ಆದರೂ ಒಬ್ಬರನ್ನು ಕಾವಲಿಗೆ ನಿಲ್ಲಿಸುತ್ತೇನೆ.

ಮುಳಬಾಗಿಲು_ಮಂಜ
ಬಾಣ ಬಂತು. ಅಂಗಡಿಯಲ್ಲಿ 1716 ಇರಲಿಲ್ಲ, 1816 ಇತ್ತು, 29 ಇಂಚು, ಟರ್ಕಿ ಗರಿ. ಬ್ರೇಸ್ ಹೈಟ್ 8.25ರಲ್ಲಿ ಬಿಲ್ಲು ಬಹಳ ಶಾಂತವಾಯಿತು. ಗರಿ ಇರುವ ಬಾಣಗಳು 10 ಮೀಟರ್‌ನಲ್ಲಿ ಒಂದು ಕಡೆ ಗುಂಪಾಗಿ ಬೀಳುತ್ತಿವೆ. ಗರಿ ಕಿತ್ತ ಒಂದು ಬಾಣ ಬಿಟ್ಟರೆ ಅದು ಎಡಕ್ಕೆ ಒಂದು ಗೇಣು, ಸ್ವಲ್ಪ ಮೇಲೆ ಹೋಗಿ ಚುಚ್ಚುತ್ತದೆ.

ಶಿರಾ_ಬಿಲ್ಲುಗಾರ
ಗರಿ ಇಲ್ಲದ ಬಾಣ ನಿಜ ಹೇಳುತ್ತದೆ, ತಪ್ಪು ತಿದ್ದಲು ಗರಿ ಇರಲ್ಲವಲ್ಲ. ಮೊದಲು ಮೇಲೆ ಕೆಳಗೆ ಸರಿ ಮಾಡಿ, ಆಮೇಲೆ ಎಡ ಬಲ. ಮೇಲೆ ಹೋಗುತ್ತಿದೆ ಅಂದರೆ ನಾಕಿಂಗ್ ಪಾಯಿಂಟ್ ಕೆಳಗಿದೆ. ಎರಡು ಮಿಲಿಮೀಟರ್ ಮೇಲಕ್ಕೆ ಸರಿಸಿ ನೋಡಿ. ಎಡ ಅಂದರೆ ಬಾಣ ಸ್ವಲ್ಪ ಗಟ್ಟಿ. ಈಗಿನ ಮೊನೆ ಎಷ್ಟು ಗ್ರೇನ್? 20, 30 ಗ್ರೇನ್ ಜಾಸ್ತಿ ಭಾರದ್ದು ಹಾಕಿದರೆ ಮೆದುವಾಗುತ್ತದೆ. ಬಾಣ ಒತ್ತುವ ಪಕ್ಕದ ತೊಗಲು ದಪ್ಪ ಇದ್ದರೆ ತೆಳ್ಳಗಿನದು ಅಂಟಿಸಿ, ಅದರಿಂದಲೂ ಅರ್ಧ ಸರಿಹೋಗುತ್ತದೆ. ಬಾಣ ಕತ್ತರಿಸಲೇಬೇಡಿ, ಇನ್ನೂ ಗಟ್ಟಿಯಾಗುತ್ತದೆ.

ಮಧುಗಿರಿ_ಬೆಟ್ಟ
ಒಂದು ಬಾಣ ನೋಡಿ ತೀರ್ಮಾನ ಮಾಡಬೇಡಿ. ಹೊಸಬರು ಹೆದೆ ಬಿಡುವಾಗ ಬೆರಳನ್ನು ಹೊರಗೆ ಕಿತ್ತರೂ ಬಾಣ ಎಡಕ್ಕೇ ಹೋಗುತ್ತದೆ. ಬೇರೆ ಬೇರೆ ದಿನ ಬಿಟ್ಟು ನೋಡಿ. ಪ್ರತಿ ಸಲವೂ ಎಡಕ್ಕೇ ಬಂದರೆ ಮಾತ್ರ ಮೊನೆ ಬದಲಿಸಿ.

ಶಿರಾ_ಬಿಲ್ಲುಗಾರ
ಸರಿಯಾದ ಮಾತು. ನಾನು ಆತುರಪಡಿಸಬಾರದು.

ಮುಳಬಾಗಿಲು_ಮಂಜ
ಮೊನೆ ಬಿಚ್ಚುವುದು ಹೇಗೆ? ಅಂಟಿಸಿದ್ದಾರೆ.

ತಿಪಟೂರು_ತೆಂಗು
ಅದು ಬಿಸಿ ಮಾಡಿದರೆ ಕರಗುವ ಅಂಟು. ಮೊನೆಯ ತುದಿಯನ್ನಷ್ಟೇ ಸ್ಟವ್ ಉರಿಗೆ ಕೆಲವು ಕ್ಷಣ ಹಿಡಿದು ಇಕ್ಕಳದಲ್ಲಿ ತಿರುಗಿಸಿ ಎಳೆಯಿರಿ, ಬರುತ್ತದೆ. ಅಲ್ಯೂಮಿನಿಯಂಗೆ ಮಾತ್ರ ಹೀಗೆ. ಕಾರ್ಬನ್ ಬಾಣಕ್ಕೆ ಉರಿ ತಾಗಿಸಿದರೆ ಕೊಳವೆಯೇ ಹಾಳು, ಅದಕ್ಕೆ ಕುದಿಯುವ ನೀರು ಸಾಕು.

ಕೆಜಿಎಫ್_ಕಿರಣ
ನನ್ನ ಬಿಲ್ಲು 30 ಪೌಂಡ್. ಇದೆಲ್ಲ ಓದಿ ನನ್ನ 500 ಬಾಣದ ಗರಿ ಕಿತ್ತು ಬಿಟ್ಟು ನೋಡಿದೆ. 10 ಮೀಟರ್‌ನಲ್ಲೇ ಎಡಕ್ಕೆ ಚೀಲ ಬಿಟ್ಟು ಹೋಯ್ತು. 800 ಆರ್ಡರ್ ಮಾಡಿದ್ದೀನಿ. ಶಿರಾ ಅಣ್ಣ, ಅಲ್ಯೂಮಿನಿಯಂ ಬಾಣ ಬಗ್ಗಿದ್ರೆ ನೆಟ್ಟಗೆ ಮಾಡೋಕಾಗುತ್ತಾ? ಮಂಜನ ತೋಟದ ಬಂಡೆ ನೆನಪಾಯ್ತು.

ಶಿರಾ_ಬಿಲ್ಲುಗಾರ
ಸ್ವಲ್ಪ ಬಗ್ಗಿದ್ದರೆ ಆಗುತ್ತದೆ. ಎರಡು ಹೆಬ್ಬೆರಳ ಉಗುರಿನ ಮೇಲಿಟ್ಟು ಬಾಣ ತಿರುಗಿಸಿ. ಕುಣಿಯುವ ಜಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿ ಮೆಲ್ಲಗೆ ಒತ್ತಿ, ಮತ್ತೆ ತಿರುಗಿಸಿ ನೋಡಿ. ಮಡಿಕೆ ಬಿದ್ದಿದ್ದರೆ, ತಗ್ಗು ಬಿದ್ದಿದ್ದರೆ ಆ ಬಾಣ ಬೇಡ. ಮತ್ತೆ ಬಿಡಬೇಡಿ.